ಯಕ್ಷಗಾನ ಆಟದ ವಿಡಿಯೋ ಎಡಿಟ್ ಮಾಡಲು ಪಿಸಿ: ಮದರ್‌ಬೋರ್ಡ್ ಯಾವುದು ತಗೊಳ್ಳಲಿ?

ಚೆಂಡೆಪೆಟ್ಟು (ಸುರತ್ಕಲ್):

ನನಗೆ ಯಕ್ಷಗಾನ ರೆಕಾರ್ಡ್ ಮಾಡುವ ಹುಚ್ಚು. ಹೊಟ್ಟೆಪಾಡು ಬೇರೆ. ಸೀಸನ್‌ನಲ್ಲಿ ವಾರಕ್ಕೆ ಒಂದಾದರೂ ಆಟ ಸಿಗುತ್ತದೆ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ಸೀಸನ್ ಮುಗಿಸಿದ ಮೇಲೆ, ಮಳೆಗಾಲದಲ್ಲಿ ಕೂತು ಎಡಿಟಿಂಗ್. ನನ್ನ ಕ್ಯಾಮೆರಾ 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ಬರೆಯುತ್ತದೆ, ಅಂದರೆ ಗಂಟೆಗೆ ಸುಮಾರು 22 ಜಿಬಿ. ರಾತ್ರಿಯಿಡೀ ಆಟವಾದರೆ ಬೆಳಗಾಗುವಾಗ 170–180 ಜಿಬಿ. ಈಗಿರುವ ಐ3 6100 (ಇಂಟೆಲ್‌ನ ಹಳೆ ಪ್ರೊಸೆಸರ್) ಪಿಸಿಯಲ್ಲಿ ಮಹಿಷಾಸುರ ದೊಂದಿ ಹಿಡಿದು ಬಂದರೆ ಸಭೆಯ ನಡುವೆಯೇ ನಿಂತುಬಿಡುತ್ತಾನೆ. ರಂಗಸ್ಥಳಕ್ಕೆ ಹತ್ತುವುದೇ ಇಲ್ಲ!

ಹಳೆಯದರಿಂದ ಎರಡು 8 ಜಿಬಿ ಡಿಡಿಆರ್4 (ಹಿಂದಿನ ತಲೆಮಾರಿನ) ರ್‍ಯಾಮ್ ಮತ್ತು ಮೂರು ಹಾರ್ಡ್‌ಡಿಸ್ಕ್ ಉಳಿಸಿಕೊಳ್ಳಬಹುದು. ಬೋರ್ಡ್, ಪ್ರೊಸೆಸರ್, ಪವರ್ ಸಪ್ಲೈ ಸೇರಿ 30 ಸಾವಿರ ಇಟ್ಟಿದ್ದೇನೆ. ಹಂಪನಕಟ್ಟೆಯ ಅಂಗಡಿಯಲ್ಲಿ ಎಚ್610 ಬೋರ್ಡ್, ಐ3 12100 ಪ್ರೊಸೆಸರ್ ಸಾಕು ಅಂದರು. ಭಾವ ಮಾತ್ರ ಎಎಂ5 (ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಸಾಕೆಟ್) ಬಿಟ್ಟು ಬೇರೆ ಮುಟ್ಟಬೇಡ ಅನ್ನುತ್ತಾನೆ. ನನಗೆ ನಾಲ್ಕೈದು ವರ್ಷ ಸ್ವಲ್ಪ ಸ್ವಲ್ಪ ಸೇರಿಸಿಕೊಂಡು ಹೋಗುವ ಹಾಗೆ ಇರಬೇಕು. ಎಂತ ಮಾಡಲಿ?

ಮಣಿಪಾಲ್ ಬಿಟ್ಸ್:

ಭಾವ ಹೇಳಿದ್ದೇ ಸರಿ. ಎಎಂ5 ಬಂದದ್ದು 2022ರಲ್ಲಿ, 2027ರ ವರೆಗೂ ಅದರ ನಂತರವೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಂಡಿಯೇ ಹೇಳಿದೆ. ಈಗ ಡಿಡಿಆರ್4 ಬೋರ್ಡ್ ತಗೊಳ್ಳುವುದು ಹಳೆ ಬಸ್ಸಿಗೆ ಹೊಸ ಟಿಕೆಟ್ ತಗೊಂಡ ಹಾಗೆ.

ಕಾಪು ಕಡಲಕರೆ:

ಮೇಲಿನವರು ಸಾಕೆಟ್ ಬಗ್ಗೆ ಹೇಳಿದ್ದು ನಿಜ. ಆದರೆ ಎಎಂ5ಗೆ ಡಿಡಿಆರ್5 ಮಾತ್ರ ಕೂರುತ್ತದೆ. ನಿಮ್ಮ 16 ಜಿಬಿ ಪೆಟ್ಟಿಗೆಗೆ ಹೋಯಿತು. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿದ್ದು ನೋಡಿದ್ದೀರಲ್ವಾ? ತಯಾರಕರೆಲ್ಲ ಎಐ ಡೇಟಾ ಸೆಂಟರ್‌ಗಳ ಹಿಂದೆ ಬಿದ್ದಿದ್ದಾರೆ. ಕೈಯಲ್ಲಿರುವ ರ್‍ಯಾಮ್ ಈಗ ಚಿನ್ನ. 30 ಸಾವಿರದಲ್ಲಿ ಅದನ್ನು ಬಿಸಾಡುವ ಮಾತೇ ಬೇಡ.

ಅಂಗಡಿಯವರು ಅರ್ಧ ಸರಿ ಹೇಳಿದ್ದಾರೆ. ಪ್ರೊಸೆಸರ್ ಓಕೆ, ಬೋರ್ಡ್ ಬೇಡ. ಎಚ್610ರಲ್ಲಿ ರ್‍ಯಾಮ್ ಸ್ಲಾಟ್ ಎರಡೇ. ನಿಮ್ಮ ಎರಡು ಹಾಕಿದ ಕೂಡಲೇ ಮನೆ ಭರ್ತಿ. ನಾಳೆ 32 ಜಿಬಿ ಬೇಕಾದರೆ ಎರಡನ್ನೂ ಕಿತ್ತು 16ರ ಎರಡು ಹೊಸದು ತರಬೇಕು. ನಾಲ್ಕು ಸ್ಲಾಟ್ ಇರುವ ಬಿ760 ಡಿಡಿಆರ್4 ಬೋರ್ಡ್ ಆದರೆ ಇನ್ನೆರಡು 8 ಚುಚ್ಚಿದರೆ ಮುಗಿಯಿತು. ಸಾಕೆಟ್ ಅದೇ, ಎಲ್‌ಜಿಎ 1700. ಇವತ್ತು ಐ3 12100, ಮೂರು ವರ್ಷ ಬಿಟ್ಟು 14ನೇ ತಲೆಮಾರಿನ ಐ5 ಹಾಕಬಹುದು. ಅಲ್ಲಿಗೆ ಆ ಸಾಕೆಟ್ ಕತೆ ಮುಗಿಯುತ್ತದೆ, ಒಪ್ಪಿದೆ. ಆದರೆ ನೀವು ಬದಲಿಸುವುದೂ ಒಂದೇ ಸಲ ತಾನೆ?

ಬೋರ್ಡ್ ಫೋಟೋ ನೋಡುವಾಗ ಬಣ್ಣದ ಲೈಟ್ ಬಿಟ್ಟುಬಿಡಿ. ಪ್ರೊಸೆಸರ್ ಪಕ್ಕದ ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಉಂಟಾ, ಎಂ.2 (ಚಿಕ್ಕ ಎಸ್‌ಎಸ್‌ಡಿ ಕೂರುವ ಸ್ಲಾಟ್) ಎರಡು ಉಂಟಾ, ಸಾಟಾ (ಹಾರ್ಡ್‌ಡಿಸ್ಕ್ ವಯರ್ ಚುಚ್ಚುವ ಪೋರ್ಟ್) ನಾಲ್ಕು ಉಂಟಾ, ಅಷ್ಟು ನೋಡಿ. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ಹಾಕಿದರೆ ಒಂದು ಸಾಟಾ ಸತ್ತುಹೋಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮೂರು ಹಾರ್ಡ್‌ಡಿಸ್ಕ್ ಇರುವ ನಿಮಗೆ ಇದು ಮುಖ್ಯ. ಬಿ760ರಲ್ಲಿ ಡಿಡಿಆರ್5 ಬೋರ್ಡೂ ಬರುತ್ತದೆ, ಬಾಕ್ಸ್ ನೋಡಲು ಒಂದೇ ತರಹ. ಹೆಸರಿನಲ್ಲಿ ಡಿ4 ಅಥವಾ ಡಿಡಿಆರ್4 ಇರುವುದನ್ನು ಓದಿಯೇ ದುಡ್ಡು ಕೊಡಿ.

ಇನ್ನೊಂದು, 12100ಎಫ್ ಕಡಿಮೆಗೆ ಸಿಗುತ್ತದೆ ಅಂತ ಆಸೆ ಪಡಬೇಡಿ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಫ್ ಇಲ್ಲದ್ದರಲ್ಲಿರುವ ಕ್ವಿಕ್ ಸಿಂಕ್ ಅನ್ನುವ ವಿಡಿಯೋ ಘಟಕ, ಎಚ್.264 (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡಿ ಬರೆಯುವ ವಿಧಾನ) ಫೈಲನ್ನು ಬಿಚ್ಚುವುದರಲ್ಲಿ ಬಲು ಚುರುಕು. ನಿಮ್ಮ ಮಹಿಷಾಸುರ ರಂಗಸ್ಥಳ ಹತ್ತುವುದು ಅದರ ದಯೆಯಿಂದಲೇ.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. 2019ರಲ್ಲಿ ಎಎಂಡಿಯ ಬಿ450 ಬೋರ್ಡ್, ರೈಜನ್ 3 3200ಜಿ ತಗೊಂಡಿದ್ದೆ. 2023ರ ಜುಲೈಯಲ್ಲಿ ಅದೇ ಬೋರ್ಡಿಗೆ ರೈಜನ್ 5 5600. ಹಳೆ ಪ್ರೊಸೆಸರ್ ಇರುವಾಗಲೇ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು, ಇಲ್ಲದಿದ್ದರೆ ಬೋರ್ಡಿಗೆ ಹೊಸದರ ಗುರುತೇ ಸಿಗುವುದಿಲ್ಲ. ಹೊರಗೆ ಧೋ ಅಂತ ಮಳೆ. ಪರದೆಯಲ್ಲಿ 60 ಪರ್ಸೆಂಟ್ ತೋರಿಸುವಾಗ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಅಂತ ಕೂಗಿಕೊಂಡೇ ಹಿಡಿದು ನಿಲ್ಲಿಸಿತು. ಆ ಎರಡು ನಿಮಿಷದಲ್ಲಿ ಎಷ್ಟು ತೆಂಗಿನಕಾಯಿ ಹರಕೆ ಹೇಳಿದೆನೋ, ಲೆಕ್ಕ ಇಲ್ಲ.

ಆಮೇಲೆ ಕೂಲರ್ ಎತ್ತಿದೆ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿದ ನಾಲ್ಕು ವರ್ಷದ ಪೇಸ್ಟ್ ಒಣಗಿ ಗೋಂದಿನ ಹಾಗಾಗಿತ್ತು. ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಕೂಲರ್ ಜೊತೆಗೇ ಬಂತು! ಮೂಲೆಯ ಎರಡು ಪಿನ್ ಬಾಗಿದ್ದವು. ಹಳೆ ಎಟಿಎಂ ಕಾರ್ಡ್ ಅಂಚಿನಿಂದ ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಮೊದಲು ಹತ್ತು ನಿಮಿಷ ಪಿಸಿ ಓಡಿಸಿ ಪೇಸ್ಟ್ ಬಿಸಿ ಮಾಡಬೇಕಿತ್ತು, ಆಮೇಲೆ ಎಳೆಯದೆ ಮೆಲ್ಲ ತಿರುಚಬೇಕಿತ್ತು. ಕೊನೆಗೆ 5600 ಹಾಕಿ ಆನ್ ಮಾಡಿದರೆ ಪರದೆ ಕಪ್ಪು. ಅದರಲ್ಲಿ ಗ್ರಾಫಿಕ್ಸೇ ಇಲ್ಲ ಅಂತ ಒಂದು ಗಂಟೆ ಬಿಟ್ಟು ಹೊಳೆಯಿತು. ಮರುದಿನ ಸೆಕೆಂಡ್‌ಹ್ಯಾಂಡ್ ಕಾರ್ಡ್ ಹುಡುಕಿಕೊಂಡು ಅಲೆದೆ.

ನಿಮ್ಮ ಇಂಟೆಲ್‌ನಲ್ಲಿ ಪಿನ್ ಇರುವುದು ಬೋರ್ಡಿನಲ್ಲಿ. ಬಾಗಿದರೆ ಬೋರ್ಡೇ ಹೋಯಿತು. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಕೊಡುವಾಗ ಕೇಳುತ್ತಾರೆ.

ಮಲ್ಪೆ ಬಂಗುಡೆ:

ಯಾವ ಬೋರ್ಡ್ ಆದರೂ ಆಗಲಿ, ಗುಡುಗು ಶುರುವಾದರೆ ಲ್ಯಾನ್ ವಯರ್ ಕಿತ್ತಿಡಿ. ಹೋದ ಮೇ ತಿಂಗಳು ಪ್ಲಗ್ ಎಲ್ಲ ತೆಗೆದಿಟ್ಟು ಜಾಣ ಅಂದುಕೊಂಡಿದ್ದೆ. ಸಿಡಿಲು ಬ್ರಾಡ್‌ಬ್ಯಾಂಡ್ ವಯರ್‌ನಲ್ಲಿ ಬಂತು. ಬೋರ್ಡಿನ ಲ್ಯಾನ್ ಪೋರ್ಟ್ ಸತ್ತಿತು, ಉಳಿದದ್ದು ಬಚಾವ್. ಈಗ ಯುಎಸ್‌ಬಿ ಅಡಾಪ್ಟರ್‌ನಲ್ಲಿ ಓಡುತ್ತಿದೆ. ಅರ್ಥಿಂಗ್ ಕೂಡ ನೋಡಿಸಿ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿದರೆ ಅರ್ಥಿಂಗ್ ಗುಂಡಿ ಇದ್ದೂ ಇಲ್ಲದ ಹಾಗೆ, ಆಗಾಗ ನೀರು ಹೊಯ್ಯಬೇಕು.

ಚೆಂಡೆಪೆಟ್ಟು (ಸುರತ್ಕಲ್):

ಅಂಗಡಿಗೆ ಮತ್ತೆ ಹೋಗಿ ಬಂದೆ. ನಾಲ್ಕು ಸ್ಲಾಟಿನ ಬಿ760 ಡಿಡಿಆರ್4 ಬೋರ್ಡ್ ಸ್ಟಾಕ್ ಇಲ್ಲ, ಬೆಂಗಳೂರಿನಿಂದ ತರಿಸಬೇಕು, ಐದು ದಿನ ಅಂದರು. ಎಚ್610ಗಿಂತ ಸ್ವಲ್ಪ ಜಾಸ್ತಿಯೇ, ಆದರೆ 30ರ ಒಳಗೆ ಬರುತ್ತದೆ. ಅಡ್ವಾನ್ಸ್ ಕೊಟ್ಟೆ. ಭಾವನಿಗೆ ಇನ್ನೂ ಹೇಳಿಲ್ಲ.

ಕಾಪು ಕಡಲಕರೆ:

ಬಂದ ಬಾಕ್ಸನ್ನು ಅಂಗಡಿಯಲ್ಲೇ ತೆರೆಸಿ, ಮುಚ್ಚಳ ತೆಗೆದು ಸಾಕೆಟ್ ಪಿನ್‌ಗಳ ಮೇಲೆ ಟಾರ್ಚ್ ಬಿಟ್ಟು ನೋಡಿ. ಒಂದು ಫೋಟೋನೂ ಹೊಡೆದಿಟ್ಟುಕೊಳ್ಳಿ. ಹಳೆ ಪವರ್ ಸಪ್ಲೈಯನ್ನೇ ಹಾಕುವ ಯೋಚನೆ ಬಂದರೆ ಮೊದಲು ಇಲ್ಲಿ ಕೇಳಿ.