ಗೆಜ್ಜೆಗಿಂತ ಪೆಟ್ರೋಲೇ ಭಾರ

ಗಾಂಧಿಬಜಾರಿನಲ್ಲಿ ಕಾಫಿ ಬರುವ ಮೊದಲೇ ಗಿರಿಜಾ ಕಾಲು ಮುಂದೆ ಚಾಚಿದಳು. ಹೊಸ ಗೆಜ್ಜೆ.

"ಸೇಲಂನಲ್ಲಿ ತಗೊಂಡಿದ್ದು. ಕೈಕೆಲಸ ಕಣ್ರೋ!"

ಸೀನ ಆಗಲೇ ಲೆಕ್ಕಕ್ಕೆ ಇಳಿದಿದ್ದ. "ಹೋಗಿ ಬರೋಕೆ 400 ಕಿಲೋಮೀಟರ್. ಪೆಟ್ರೋಲು, ಟೋಲು, ಕೃಷ್ಣಗಿರಿ ಹತ್ತಿರ ತಿಂದಿದ್ದು. ಎಲ್ಲ ಸೇರಿಸಿದರೆ ಇದು ಚಿನ್ನದ ಗೆಜ್ಜೆ."

"ಗೆಜ್ಜೆಗೆ ಸೇಲಂ ಹೆಸರುವಾಸಿ, ಗೊತ್ತಾ ನಿಂಗೆ?"

"ಹೋಗೋದಾದ್ರೆ ಒಡಿಶಾದ ಕಟಕ್‌ಗೆ ಹೋಗಬೇಕು," ಎಂದ ಪ್ರಭಾಕರ. "ಅಲ್ಲಿಯದು ತಾರಕಸಿ. ಬೆಳ್ಳಿಯನ್ನು ಸಣ್ಣ ತಂತಿಯಾಗಿ ಎಳೆದು, ಬಗ್ಗಿಸಿ, ಹೂವು ಎಲೆ ಮಾಡಿ ಬೆಸೀತಾರೆ. ಇದು ಆ ಊರಿನದೇ ಅನ್ನೋ ಜಿಐ ಟ್ಯಾಗೂ 2024ರಲ್ಲಿ ಬಂತು." ಈ ಮಹಾಶಯ ಯಲಹಂಕ ದಾಟಿ ವರ್ಷಗಳಾಗಿವೆ.

ಸೀನನಿಗೆ ಬೆಳ್ಳಿಯ ಸಹವಾಸವೇ ಸಾಕಾಗಿದೆ. ಒಮ್ಮೆ ಅಂಗಡಿಯಲ್ಲಿ ಉಂಗುರದ ಒಳಗೆ 925 ಅಂತ ಇದ್ದದ್ದು ನೋಡಿ, "ಬೆಲೆ ಇಲ್ಲೇ ಬರೆದಿದೆ, ಯಾಕ್ರೀ ಜಾಸ್ತಿ ಕೇಳ್ತೀರಾ?" ಎಂದು ಜಗಳಕ್ಕೆ ನಿಂತಿದ್ದ. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಬರೀ ಬೆಳ್ಳಿ ಮೆತ್ತಗೆ, ಸುಮ್ನೆ ಬಗ್ಗಿಹೋಗುತ್ತೆ. ಇಷ್ಟನ್ನು ಅವನಿಗೆ ಅರ್ಥ ಮಾಡಿಸುವಷ್ಟರಲ್ಲಿ ಅಂಗಡಿಯವರೇ ಬಗ್ಗಿಹೋಗಿದ್ದರಂತೆ.

ಆಗ ನಾನು ನನ್ನ ಓಲೆ ತೋರಿಸಿದೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ನಗರ್ತಪೇಟೆಯ ಗಲ್ಲಿಯಲ್ಲಿ ಮೂರು ಸಲ ದಾರಿ ತಪ್ಪಿ, ಕತ್ತಲೆ ಮೆಟ್ಟಿಲು ಹತ್ತಿ ಮಾಡಿಸಿದ್ದು. ಅಜ್ಜಿಯ ಮುರಿದ ಕುಂಕುಮ ಭರಣಿಯನ್ನೇ ಕರಗಿಸಿ.

"ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡಲ್ಲ ಅಂತಾರೆ," ಸೀನ ಎಚ್ಚರಿಸಿದ.

"ನಾನು ಅವರ ಅಕ್ಕನೂ ಅಲ್ಲ, ಕೊಟ್ಟಿದ್ದು ಚಿನ್ನವೂ ಅಲ್ಲ. ಅಜ್ಜಿ ಬೆಳ್ಳಿಗೆ ಗಾದೆ ಇಲ್ಲ ಬಿಡು."

ನಾನು ಅಲ್ಲೇ ಕುಳಿತು ನೋಡಿದ್ದೆ. ಯಜಮಾನರು ಬೆಸುಗೆ ಚೆನ್ನಾಗಿ ಹಿಡಿಯಲೆಂದು ಬಿಳಿಗಾರ ಸವರಿ, ಅಕ್ಕಿನುಚ್ಚಿನಷ್ಟು ಬೆಸುಗೆ ಚೂರು ಇಟ್ಟು, ಊದುಕೊಳವೆ ಬಾಯಿಗಿಟ್ಟರು. ಬೆಳ್ಳಿ ಕರಗುವುದು ಸುಮಾರು 961 ಡಿಗ್ರಿಯಲ್ಲಿ. ಬೆಸುಗೆ ಅದಕ್ಕಿಂತ ಮೊದಲೇ ಕರಗಬೇಕು, ಓಲೆ ಕರಗಬಾರದು. ಥರ್ಮಾಮೀಟರ್ ಇಲ್ಲ, ಬರೀ ಕಣ್ಣು ಮತ್ತು ಕೆನ್ನೆ. ಒಂದು ಉಸಿರು ಜಾಸ್ತಿಯಾದರೆ ಓಲೆ ಹೋಗಿ ಉಂಡೆ. ಅವರು ಊದುವಷ್ಟು ಹೊತ್ತು ನಾನೇ ಉಸಿರು ಹಿಡಿದಿದ್ದೆ.

"ಎರಡೂ ಒಂದೇ ಥರ ಇಲ್ವಲ್ಲೇ," ಗಿರಿಜಾ ಕಣ್ಣು ಸಣ್ಣ ಮಾಡಿದಳು.

"ನಾನೂ ಅದನ್ನೇ ಕೇಳಿದೆ. 'ನಿಮ್ಮ ಕಿವಿ ಎರಡೂ ಒಂದೇ ಥರ ಇದೆಯಾಮ್ಮಾ?' ಅಂದರು. ಮನೆಗೆ ಬಂದು ಕನ್ನಡಿ ನೋಡಿದೆ. ಇಲ್ಲ."

ಪ್ರಭಾಕರ ಓಲೆಯನ್ನು ಬೆಳಕಿಗೆ ಹಿಡಿದ. ಕಟಕ್ ಮಾತು ನಿಂತಿತು.

"ಕೂಲಿ ಎಷ್ಟಾಯ್ತು?" ಕೇಳಿದ್ದು ಸೀನನೇ.

"ಅವರು ಹೇಳಿದ್ದರಲ್ಲಿ 50 ರೂಪಾಯಿ ಬಿಡಿಸಿದೆ," ಎಂದೆ, ತುಸು ಹೆಮ್ಮೆಯಿಂದಲೇ.

"ಎರಡು ದಿನದ ಕೆಲಸಕ್ಕೆ?"

"ಹೂಂ. ಚೌಕಾಸಿ ಮಾಡದೆ ಹೇಗೋ ಬರೋದು?"

"ಬರುವಾಗಲೂ ಮೆಟ್ರೋನೇ?"

"ಇಲ್ಲ, ಮಳೆ ಬಂತು. ಆಟೋ."

"ಮೀಟರ್ ಮೇಲೆ ಎಷ್ಟು ಕೇಳಿದ?"

ನಾನು ಕಾಫಿ ಲೋಟದೊಳಗೆ ನೋಡಿದೆ.

"50."

"ಕೊಟ್ಯಾ?"

"ಮಳೆ ಕಣೋ!"