ಮ್ಯೂಆನಿನ ಗಡಿಯಾರ ನಿಧಾನವೋ, ನಮ್ಮದು ನಿಧಾನವೋ?

ಪ್ರಶ್ನೆ

ವಿಶೇಷ ಸಾಪೇಕ್ಷತೆಯ ಪಾಠಕ್ಕೆ ನಾನು ಪ್ರತಿ ವರ್ಷವೂ ಮ್ಯೂಆನ್‌ಗಳ ಉದಾಹರಣೆಯನ್ನೇ ಕೊಡುತ್ತೇನೆ. ಕಾಸ್ಮಿಕ್ ಕಿರಣಗಳಿಂದ ವಾಯುಮಂಡಲದ ಎತ್ತರದಲ್ಲಿ ಹುಟ್ಟುವ ಈ ಕಣಗಳ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡ್ ಮಾತ್ರ. ಅಷ್ಟರಲ್ಲಿ ಬೆಳಕು ಸಹ 660 ಮೀಟರ್ ದಾಟದು. ಆದರೂ ಅವು ನೆಲ ಮುಟ್ಟುತ್ತವೆ, ಏಕೆಂದರೆ ನಮ್ಮ ಅಳತೆಯಲ್ಲಿ ಅವುಗಳ ಗಡಿಯಾರ ನಿಧಾನವಾಗಿ ನಡೆಯುತ್ತದೆ. ಈ ಸಲ ಒಬ್ಬ ವಿದ್ಯಾರ್ಥಿನಿ, ಮ್ಯೂಆನಿನ ದೃಷ್ಟಿಯಲ್ಲಿ ಓಡುತ್ತಿರುವುದು ಭೂಮಿಯಲ್ಲವೇ, ಹಾಗಾದರೆ ನಮ್ಮ ಗಡಿಯಾರವೇ ನಿಧಾನವಾಗಬೇಕಲ್ಲವೇ ಎಂದು ಕೇಳಿದಳು. ಮ್ಯೂಆನಿಗೆ ದೂರ ಕುಗ್ಗಿ ಕಾಣುತ್ತದೆ ಎಂದು ಹೇಳಿ ಪಾಠ ಮುಂದುವರಿಸಿದೆನಾದರೂ, ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲವೆಂದು ನನಗೇ ಅನ್ನಿಸಿದೆ.

ಉತ್ತರ 1

ಅಂಕಿಗಳನ್ನು ಮುಂದಿಟ್ಟುಕೊಂಡರೆ ತೊಡಕು ಎಲ್ಲಿದೆಯೆಂದು ಕಾಣುತ್ತದೆ. 1963ರಲ್ಲಿ ಫ್ರಿಶ್ ಮತ್ತು ಸ್ಮಿತ್ ಎಂಬ ಭೌತವಿಜ್ಞಾನಿಗಳು ಅಮೆರಿಕದ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ ಗಂಟೆಗೆ ಸುಮಾರು 563 ಮ್ಯೂಆನ್‌ಗಳನ್ನು ಎಣಿಸಿದರು. ಅಲ್ಲಿಂದ ಸುಮಾರು 1,907 ಮೀಟರ್ ಕೆಳಗೆ, ಅಮೆರಿಕದ್ದೇ ಆದ ಸಮುದ್ರಮಟ್ಟದ ಕೇಂಬ್ರಿಜ್‌ನಲ್ಲಿ, ಕಾಲ ಹಿಗ್ಗದಿದ್ದರೆ 27ರಷ್ಟು ಮಾತ್ರ ಉಳಿಯಬೇಕಿತ್ತು, ಸಿಕ್ಕಿದ್ದು 408. ಇಳಿಯಲು ಹಿಡಿದ ಕಾಲ ನಮ್ಮ ಲೆಕ್ಕದಲ್ಲಿ 6.4 ಮೈಕ್ರೋಸೆಕೆಂಡ್, ಆದರೆ ಸತ್ತ ಮ್ಯೂಆನ್‌ಗಳ ಸಂಖ್ಯೆ ನೋಡಿದರೆ ಅವುಗಳ ಪಾಲಿಗೆ ಕಳೆದದ್ದು 0.7 ಮಾತ್ರ, ಅಂದರೆ ಹತ್ತಿರ ಹತ್ತಿರ ಒಂಬತ್ತರಲ್ಲೊಂದು ಪಾಲು. ಮ್ಯೂಆನಿನ ಪಾಲಿಗೆ ಬೆಟ್ಟದ ಎತ್ತರವೂ ಅಷ್ಟೇ ಪಟ್ಟು ಕುಗ್ಗಿ ಸುಮಾರು 212 ಮೀಟರ್ ಆಗುತ್ತದೆ.

ಪ್ರಶ್ನೆ ಕೇಳಿದವರು

ತೊಡಕು ಇನ್ನೂ ಬಿಗಿಯಾಯಿತು. ಮ್ಯೂಆನಿನ 0.7 ಮೈಕ್ರೋಸೆಕೆಂಡಿನಲ್ಲಿ ನಮ್ಮ ನಿಧಾನದ ಗಡಿಯಾರ ಅದರ ಒಂಬತ್ತರಲ್ಲೊಂದು ಪಾಲು, 0.08ರಷ್ಟು ಮಾತ್ರ ನಡೆದಿರಬೇಕು. ನಾವು ಅಳೆದದ್ದು 6.4. ಉಳಿದದ್ದು ಎಲ್ಲಿಂದ ಬಂತು?

ಉತ್ತರ 2

ನೀವು "ನಮ್ಮ ಗಡಿಯಾರ" ಎಂದು ಏಕವಚನದಲ್ಲಿ ಬರೆದಿದ್ದೀರಿ, ಗಂಟು ಇರುವುದು ಅಲ್ಲೇ. 6.4 ಎಂಬುದು ಎರಡು ಗಡಿಯಾರಗಳ ವ್ಯತ್ಯಾಸ: ಮ್ಯೂಆನ್ ಹೊರಟಾಗ ಶಿಖರದ ಗಡಿಯಾರ ತೋರಿಸಿದ್ದು ಒಂದು, ಅದು ಮುಟ್ಟಿದಾಗ ಸಮುದ್ರಮಟ್ಟದ ಗಡಿಯಾರ ತೋರಿಸಿದ್ದು ಇನ್ನೊಂದು. ಅವೆರಡನ್ನೂ ಸರಿಹೊಂದಿಸಲು ನಟ್ಟನಡುವಿನಿಂದ ಒಂದು ಬೆಳಕಿನ ಮಿಂಚು ಕಳಿಸಿ, ಅದು ತಾಕಿದ ಕ್ಷಣದಲ್ಲಿ ಎರಡನ್ನೂ ಚಾಲೂ ಮಾಡಿದೆವು ಎಂದುಕೊಳ್ಳಿ. ನಮ್ಮ ಮಟ್ಟಿಗೆ ಅವು ಒಟ್ಟಿಗೇ ಶುರುವಾದವು. ಮ್ಯೂಆನಿನ ದೃಷ್ಟಿಯಲ್ಲಾದರೋ ಇಡೀ ಬೆಟ್ಟವೇ ಮೇಲಕ್ಕೆ ನುಗ್ಗಿ ಬರುತ್ತಿದೆ. ಕೆಳಗಿನ ಗಡಿಯಾರ ಮಿಂಚನ್ನು ಎದುರುಗೊಳ್ಳಲು ಧಾವಿಸುತ್ತದೆ, ಮೇಲಿನದು ಅದರಿಂದ ಓಡಿಹೋಗುತ್ತಿರುತ್ತದೆ. ಬೆಳಕಿನ ವೇಗ ಎಲ್ಲರಿಗೂ ಒಂದೇ ಆದ್ದರಿಂದ ಕೆಳಗಿನದು ಮೊದಲೇ ಶುರುವಾಗಿ 6.32 ಮೈಕ್ರೋಸೆಕೆಂಡ್ ಮುಂದಿರುತ್ತದೆ. ಅದಕ್ಕೆ ನಿಮ್ಮ 0.08 ಕೂಡಿಸಿ, 6.4 ಬಂತು. ಕಾಲ ಹಿಗ್ಗುವುದು, ಉದ್ದ ಕುಗ್ಗುವುದು ಎಂಬೆರಡನ್ನೇ ಕಲಿಸಿ, ಒಬ್ಬರಿಗೆ ಒಟ್ಟಿಗೇ ಆದದ್ದು ಇನ್ನೊಬ್ಬರಿಗೆ ಒಟ್ಟಿಗೇ ಆಗಿರಬೇಕಿಲ್ಲ ಎಂಬ ಏಕಕಾಲಿಕತೆಯ ಮಾತನ್ನು ಅಡಿಟಿಪ್ಪಣಿಗೆ ತಳ್ಳುವ ನಮ್ಮ ಪಠ್ಯಕ್ರಮದ ಮೇಲೆ ನನಗೆ ಹಳೆಯ ಸಿಟ್ಟಿದೆ.

ಪ್ರಶ್ನೆ ಕೇಳಿದವರು

ಲೆಕ್ಕ ಕೂಡಿತು, ಧನ್ಯವಾದಗಳು. ಆದರೆ ಅವಳು ಸುಮ್ಮನಾಗುವವಳಲ್ಲ. ಮ್ಯೂಆನ್ ಹೊರಟಲ್ಲಿಗೇ ಮರಳಿ ಬಂದರೆ ನಮ್ಮ ಕಡೆ ಒಂದೇ ಗಡಿಯಾರ ಸಾಕಲ್ಲ, ಆಗೇನು ಎಂದು ಕೇಳುತ್ತಾಳೆ.

ಉತ್ತರ 1

ಅದನ್ನೂ ಮಾಡಿ ನೋಡಿದ್ದಾರೆ. ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯವಾದ ಸೆರ್ನ್‌ನಲ್ಲಿ 14 ಮೀಟರ್ ವ್ಯಾಸದ ಉಂಗುರದೊಳಗೆ ಮ್ಯೂಆನ್‌ಗಳನ್ನು ಸುತ್ತಿಸಿ 1977ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಅವುಗಳ ಆಯುಷ್ಯ ಸುಮಾರು 29 ಪಟ್ಟು ಹಿಗ್ಗಿ 64 ಮೈಕ್ರೋಸೆಕೆಂಡ್ ಆಗಿತ್ತು. ಇಲ್ಲಿ ನಿಧಾನವಾದದ್ದು ಮ್ಯೂಆನಿನ ಗಡಿಯಾರವೇ, ಅದರಲ್ಲಿ ಎರಡು ಮಾತಿಲ್ಲ. ಬೆಟ್ಟದಿಂದ ಇಳಿಯುವ ಮ್ಯೂಆನ್ ವೇಗ, ದಿಕ್ಕು ಬದಲಿಸದೆ ಹೆಚ್ಚುಕಡಿಮೆ ಒಂದೇ ಚೌಕಟ್ಟಿನಲ್ಲಿ ನೇರವಾಗಿ ಸಾಗುತ್ತದೆ. ಉಂಗುರದ್ದಾದರೋ ಕಾಂತಕ್ಷೇತ್ರದ ಎಳೆತಕ್ಕೆ ಸಿಕ್ಕಿ ಕ್ಷಣಕ್ಷಣವೂ ದಿಕ್ಕು ಬದಲಿಸುವುದರಿಂದ, ತಾನು ನಿಂತೇ ಇದ್ದೆ, ಓಡಿದ್ದು ಪ್ರಯೋಗಾಲಯ ಎನ್ನುವ ಹಕ್ಕು ಅದಕ್ಕಿಲ್ಲ.