ಐಡಿಎಚ್-2 ಜೀನ್ ಕೊಟ್ಟ ಇಲಿಯ ಕಿಡ್ನಿಯೂ ಉಳೀತು, ಬರೀ ಸಲೈನ್ ಕೊಟ್ಟದ್ದೂ ಉಳೀತು. ಕಂಟ್ರೋಲ್ ಎಲ್ಲಿ ಕೈಕೊಟ್ಟಿತು?

ತೀರ್ಥಹಳ್ಳಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮಾಡ್ತಿದ್ದೀನಿ, ವಿಷಯ ಕಿಡ್ನಿಗೆ ರಕ್ತ ನಿಂತು ಮತ್ತೆ ಹರಿದಾಗ ಆಗುವ ಹಾನಿ.

ಇಂಡಿಯಾನಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ಕೆಲವರಿಗೆ ಗೊತ್ತಿರುತ್ತೆ. ಇಲಿಯ ಕಿಡ್ನಿಗೆ ಒಂದು ಸಲ ರಕ್ತ ನಿಲ್ಲಿಸಿ ಬಿಟ್ಟರೆ, ಮುಂದೆ ಬರುವ ದೊಡ್ಡ ಪೆಟ್ಟನ್ನು ಅದು ತಡ್ಕೊಳ್ಳುತ್ತೆ. ಹಾಗೆ ಪಳಗಿದ ಕಿಡ್ನಿಯ ಮೈಟೋಕಾಂಡ್ರಿಯಾದಲ್ಲಿ (ಜೀವಕೋಶಕ್ಕೆ ಶಕ್ತಿ ಮಾಡಿಕೊಡುವ ಭಾಗ) ಐಡಿಎಚ್-2 (ಐಸೋಸಿಟ್ರೇಟ್ ಡಿಹೈಡ್ರೋಜಿನೇಸ್-2) ಕಿಣ್ವ ಹೆಚ್ಚಾಗಿದ್ದದ್ದು ಅವರಿಗೆ ಕಂಡಿತು. ಆಮೇಲೆ ಆ ಜೀನನ್ನೇ ಸಣ್ಣ ಡಿಎನ್ಎ ಉಂಗುರ, ಅಂದರೆ ಪ್ಲಾಸ್ಮಿಡ್‌ನಲ್ಲಿಟ್ಟು, ಕಿಡ್ನಿಯ ವೇನ್ ಕಡೆಯಿಂದ ಒತ್ತಡದಲ್ಲಿ ತಳ್ಳಿದರು. ಪಳಗಿಸಿದಾಗ ಸಿಗುವಂಥದ್ದೇ ರಕ್ಷಣೆ ಸಿಕ್ಕಿತು.

ನಾನು ಅದೇ ದಾರಿಯಲ್ಲಿ ಹೋಗ್ತಿದ್ದೀನಿ. ಗಂಡು ವಿಸ್ಟಾರ್ ಇಲಿ. ಎಡ ಕಿಡ್ನಿಯ ಆರ್ಟರಿ, ವೇನ್ ಎರಡಕ್ಕೂ ಕ್ಲ್ಯಾಂಪ್ ಹಾಕಿ, ಅರ್ಧ ಎಂಎಲ್ ಸಲೈನ್‌ನಲ್ಲಿ ಪ್ಲಾಸ್ಮಿಡ್ ಬೆರೆಸಿ ಕೆಲವೇ ಸೆಕೆಂಡಿನಲ್ಲಿ ವೇನ್‌ಗೆ ತಳ್ಳೋದು, ಕೆಲವು ನಿಮಿಷ ಬಿಟ್ಟು ಕ್ಲ್ಯಾಂಪ್ ತೆಗೆಯೋದು. ಎರಡು ವಾರದ ಮೇಲೆ ಬಲ ಕಿಡ್ನಿ ತೆಗೆದು, ಎಡದ್ದಕ್ಕೆ 45 ನಿಮಿಷ ಕ್ಲ್ಯಾಂಪ್. 24 ಗಂಟೆಗೆ ರಕ್ತ ತೆಗೆದು ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ತ್ಯಾಜ್ಯ) ನೋಡೋದು.

ಐಡಿಎಚ್-2 ಗುಂಪಿನಲ್ಲಿ ಕ್ರಿಯಾಟಿನಿನ್ ಹೆಚ್ಚು ಏರಲಿಲ್ಲ. ಖುಷಿಯಾಯ್ತು. ಆದರೆ ಹೋಲಿಕೆಗೆ (ಕಂಟ್ರೋಲ್) ಅಂತ ಇಟ್ಟ, ಬರೀ ಸಲೈನ್ ತಳ್ಳಿದ ಗುಂಪಿನಲ್ಲೂ ಏರಿಲ್ಲ! ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಗೈಡ್ ಅವರು "ಇಲಿಗಳ ಸಂಖ್ಯೆ ಜಾಸ್ತಿ ಮಾಡು" ಅಂತಾರೆ. ನನಗೇನೋ ಅದರಿಂದ ಸರಿಹೋಗೋ ಥರ ಕಾಣ್ತಿಲ್ಲ. ಎಲ್ಲಿಂದ ಹುಡುಕಲಿ?

ನೆಫ್ರಾನ್_ಭಟ್ರು

ಸಂಖ್ಯೆ ಜಾಸ್ತಿ ಮಾಡಿದರೆ ಇದೇ ಗೊಂದಲ ಇನ್ನೂ ಗಟ್ಟಿಯಾಗಿ ಕಾಣ್ತದೆ ಅಷ್ಟೇ ಮಾರಾಯ್ರೆ. ಮೊದಲು ಇಷ್ಟು ಹೇಳಿ:

ಮೊದಲ ಆಪರೇಶನ್ನೇ ಆಗದ ಇಲಿಗೆ ನೇರ 45 ನಿಮಿಷ ಕ್ಲ್ಯಾಂಪ್ ಹಾಕಿದ ಗುಂಪು ಇದೆಯಾ? ಅದರಲ್ಲಾದರೂ ಕ್ರಿಯಾಟಿನಿನ್ ಏರ್ತದಾ?

ಅರಿವಳಿಕೆ ಯಾವುದು? ಕ್ಲ್ಯಾಂಪ್ ಇದ್ದಷ್ಟೂ ಹೊತ್ತು ಇಲಿಯ ಮೈಬಿಸಿ ಎಷ್ಟಿತ್ತು? ಬಿಸಿಪ್ಯಾಡ್‌ನ ಪರದೆ ಮೇಲೆ ಬರೆದಿರುವ ಅಂಕಿ ಬೇಡ, ಗುದದೊಳಗೆ ಪ್ರೋಬ್ ಇಟ್ಟು ನೋಡಿದ್ದು ಬೇಕು.

ಕ್ರಿಯಾಟಿನಿನ್ ಜಾಫೆ ವಿಧಾನದ್ದಾ, ಕಿಣ್ವ ಆಧಾರಿತ ಕಿಟ್ಟಾ? ಜಾಫೆ ಆದರೆ ರಕ್ತದಲ್ಲಿರುವ ಬೇರೆ ವಸ್ತುಗಳೂ ಬಣ್ಣ ಕೊಡ್ತವೆ, ಚಿಕ್ಕ ಪ್ರಾಣಿಗಳ ಕಡಿಮೆ ಮಟ್ಟದ ಕ್ರಿಯಾಟಿನಿನ್‌ಗೆ ಅದನ್ನು ನಂಬಿ ಕೂರಬಾರದು.

ತೀರ್ಥಹಳ್ಳಿ_ಹುಡುಗಿ

ಭಟ್ರೇ, ಕಿಟ್ ಕಿಣ್ವದ್ದೇ. ಆಪರೇಶನ್ ಆಗದ ಗುಂಪು ಈ ಬ್ಯಾಚಿನಲ್ಲಿಲ್ಲ. ಲ್ಯಾಬಿನ ಹಳೇ ಡೇಟಾ ಇದೆ, ಅದರಲ್ಲಿ 45 ನಿಮಿಷಕ್ಕೆ ಚೆನ್ನಾಗಿ ಏರಿದೆ. ಆದರೆ ಅದು ಕೆಟಮಿನ್-ಜೈಲಜಿನ್ ಕೊಡುತ್ತಿದ್ದ ಕಾಲದ್ದು. ಈಗ ಐಸೋಫ್ಲುರೇನ್ ಮೆಷಿನ್ ಬಂದಿದೆ. ಪ್ಯಾಡ್ 37ಕ್ಕೆ ಇಟ್ಟಿರ್ತೀವಿ, ಪ್ರೋಬ್ ಕೆಟ್ಟು ತುಂಬಾ ದಿನ ಆಯ್ತು. ಥಿಯೇಟರ್ ಎಸಿ ಬೇರೆಯವರ ಕೈಲಿದೆ, ಸ್ವೆಟರ್ ಹಾಕ್ಕೊಂಡು ಕೂರ್ತೀವಿ. 😅

ನೆಫ್ರಾನ್_ಭಟ್ರು

ಅಲ್ಲಿಗೆ ಮೂರು ಅನುಮಾನಿಗಳು ಸಿಕ್ಕಿದರು. ದೊಡ್ಡವನಿಂದ ಶುರು ಮಾಡುವ.

ನಿಮ್ಮ ಸಲೈನ್ ಗುಂಪು ಕಂಟ್ರೋಲೇ ಅಲ್ಲ. ಆರ್ಟರಿ, ವೇನ್ ಎರಡನ್ನೂ ಕಟ್ಟಿ, ಒಳಗೆ ಒತ್ತಡದಲ್ಲಿ ನೀರು ತಳ್ಳಿ, ನಿಮಿಷಗಟ್ಟಲೆ ಬಿಟ್ಟು ಮತ್ತೆ ರಕ್ತ ಬಿಟ್ಟಿದ್ದೀರಿ. ಅಂದರೆ ನೀವು ಆ ಕಿಡ್ನಿಯನ್ನು ಪಳಗಿಸಿಯೇ ಆಗಿದೆ, ಜೀನ್ ಇರಲಿ ಬಿಡಲಿ. ಈ ಪಳಗಿಸುವ ವಿದ್ಯೆ ಮೊದಲು ಹೃದಯದಲ್ಲಿ ಕಂಡದ್ದು: 1986ರಲ್ಲಿ ಮರಿ, ಜೆನ್ನಿಂಗ್ಸ್, ರೀಮರ್ ಸೇರಿ ನಾಯಿಗಳ ಹೃದಯಕ್ಕೆ ನಾಲ್ಕು ಸಲ ಐದೈದು ನಿಮಿಷ ರಕ್ತ ನಿಲ್ಲಿಸಿ, ನಂತರ 40 ನಿಮಿಷ ನಿಲ್ಲಿಸಿದರು, ಸತ್ತ ಭಾಗ ಪಳಗಿಸದ ನಾಯಿಗಳಲ್ಲಿದ್ದದ್ದರ ಕಾಲು ಭಾಗಕ್ಕೆ ಇಳಿಯಿತು. ಹೃದಯದಲ್ಲಿ ಆ ಗುಣ ಬೇಗ ಕರಗ್ತದೆ. ಕಿಡ್ನಿಯ ಕತೆ ಬೇರೆ. ಬೋಸ್ಟನ್ನಿನ ಬಾನ್‌ವೆಂಟ್ರೆ ಲ್ಯಾಬಿನವರು 2001ರಲ್ಲಿ ತೋರಿಸಿದ ಹಾಗೆ, ಸುಂಡಿಲಿಯ ಕಿಡ್ನಿಗೆ ಒಮ್ಮೆ ರಕ್ತ ನಿಲ್ಲಿಸಿದರೆ 8 ದಿನ, 15 ದಿನ ಆದ ಮೇಲೂ ಎರಡನೇ ಪೆಟ್ಟು ತಾಗುವುದಿಲ್ಲ. ನೀವು ಕಾದದ್ದು ಎಷ್ಟು? ಎರಡು ವಾರ. ಸರಿಯಾಗಿ ಆ ಕಿಟಕಿಯೊಳಗೇ ಬಿದ್ದಿದ್ದೀರಿ.

ಅವರು ಹಾಕಿದ ಕ್ಲ್ಯಾಂಪ್ ನಿಮ್ಮದಕ್ಕಿಂತ ಉದ್ದ, ಒಪ್ಪಿದೆ. ಆದರೆ ನಿಮ್ಮಲ್ಲಿ ಕ್ಲ್ಯಾಂಪ್ ಜೊತೆ ಒತ್ತಡವೂ ಉಂಟು. ನೀರು ಉಕ್ಕಿ ಹೋದ ಕಿಡ್ನಿಯ ಸಣ್ಣ ನಳಿಕೆಗೆ, ಅಂದರೆ ಟ್ಯೂಬ್ಯೂಲ್‌ಗೆ ಸಣ್ಣ ಗಾಯ ಆಗಿಯೇ ಆಗ್ತದೆ. ತಳ್ಳಿದ ಮರುದಿನ ಒಂದು ಕಿಡ್ನಿ ತೆಗೆದು ಕಿಮ್-1 ಎಂಬ ಗಾಯದ ಗುರುತಿನ ಪ್ರೋಟೀನಿಗೆ ಬಣ್ಣ ಹಾಕಿ ನೋಡಿ. ಆರೋಗ್ಯವಂತ ಕಿಡ್ನಿಯಲ್ಲಿ ಅದು ಹೆಚ್ಚುಕಡಿಮೆ ಇರುವುದೇ ಇಲ್ಲ. ಕಂಡರೆ ನಿಮ್ಮ ಇಂಜೆಕ್ಷನ್ನೇ ಪೆಟ್ಟು ಕೊಟ್ಟಿದೆ ಅಂತ ಲೆಕ್ಕ.

ಐಸೋಫ್ಲುರೇನ್ ಎರಡನೆಯವ. ಆ ಅನಿಲ ತಾನೇ ಇಲಿಯ ಕಿಡ್ನಿಯನ್ನು ಸ್ವಲ್ಪ ಕಾಪಾಡ್ತದೆ. ಕೆಟಮಿನ್ ಅಥವಾ ಪೆಂಟೋಬಾರ್ಬಿಟಲ್‌ಗೆ ಹೋಲಿಸಿದರೆ ಅದೇ ಕ್ಲ್ಯಾಂಪ್‌ಗೆ ಹಾನಿ ಕಡಿಮೆ. ಹಾಗಾಗಿ ಹಳೇ ಡೇಟಾ ಪಕ್ಕದಲ್ಲಿಟ್ಟು ಹೋಲಿಸುವುದು ಬೇಡವೇ ಬೇಡ.

ಮೂರನೆಯದು ನಿಮ್ಮ ಸ್ವೆಟರ್. ಹೊಟ್ಟೆ ತೆರೆದ ಇಲಿಯ ಮೈ ಬೇಗ ಆರಿಹೋಗ್ತದೆ. ಒಂದೆರಡು ಡಿಗ್ರಿ ಇಳಿದರೂ ಸಾಕು, ಜೀವಕೋಶದ ಎಟಿಪಿ (ಶಕ್ತಿಯ ಅಣು) ಖರ್ಚು ಇಳಿದು ಕಿಡ್ನಿ ಬಚಾವ್. ಪ್ರೋಬ್ ರಿಪೇರಿ ಆಗುವ ತನಕ ಒಂದೂ ಇಲಿ ಮುಟ್ಟಬೇಡಿ ಅನ್ನುವೆ.

ಸಾಧನಕೇರಿ_ಮಂದಿ

ಭಟ್ರ ಮಾತು ಖರೇ. ಆದ್ರ ಅಕ್ಕಾರ, ನಂದೊಂದು ಬ್ಯಾರೆ ಸಂಶಯ. ಐಡಿಎಚ್-2 ಪ್ರೋಟೀನ್ ಖರೇನ ತಯಾರ್ ಆಗೇತಿ ಅಂತ ಹೆಂಗ ನೋಡಿದ್ರಿ? ಜಿಎಫ್‌ಪಿ (ಗುರುತಿಗಂತ ಅಂಟಿಸೂ ಹಸಿರ ಹೊಳಿಯೂ ಪ್ರೋಟೀನ್) ಹೊಳಿತು ಅಂದ್ರ ನಂಬಬ್ಯಾಡ್ರಿ. ಪ್ರಾಕ್ಸಿಮಲ್ ಟ್ಯೂಬ್ಯೂಲ್ ಏನೂ ಹಾಕದಿದ್ರೂ ತಾನಾಗೇ ಹಸಿರ ಹೊಳೀತದ. ಏನೂ ಕೊಡದ ಇಲಿ ಕಿಡ್ನೀನ ಅದ ಎಕ್ಸ್‌ಪೋಶರ್‌ನಾಗ ಪಕ್ಕಕ್ಕಿಟ್ಟ ನೋಡ್ರಿ.

ಮತ್ತ ಜಿಎಫ್‌ಪಿ ಯಾವ ತುದಿಗೆ ಅಂಟಿಸೀರಿ?

ತೀರ್ಥಹಳ್ಳಿ_ಹುಡುಗಿ

ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ತೂಕದ ಪ್ರಕಾರ ಬೇರ್ಪಡಿಸಿ ಗುರುತಿಸೋದು) ಮಾಡಿದ್ದೀನಿ ಸರ್. ಇಡೀ ಕಿಡ್ನಿ ಅರೆದು ಓಡಿಸಿದರೆ, ಜಿಎಫ್‌ಪಿ ಸೇರಿದ ತೂಕದಲ್ಲಿ ಬ್ಯಾಂಡ್ ಬರ್ತಿದೆ. ಹಾಗಾಗಿ ಪ್ರೋಟೀನ್ ಇದೆ. ಪ್ಲಾಸ್ಮಿಡ್ ಲ್ಯಾಬಿನಲ್ಲಿ ಮೊದಲೇ ಇದ್ದದ್ದು. ಮ್ಯಾಪ್ ತೆಗೆದು ನೋಡಿದೆ: ಮೊದಲು ಜಿಎಫ್‌ಪಿ, ಅದರ ಹಿಂದೆ ಐಡಿಎಚ್-2. ಅಂದರೆ ಪ್ರೋಟೀನ್ ಶುರುವಾಗುವ ಎನ್ ತುದಿ.

ಸಾಧನಕೇರಿ_ಮಂದಿ

ಸಿಕ್ತು ನೋಡ್ರಿ!

ಐಡಿಎಚ್-2 ತಯಾರ್ ಆಗೂದು ಹೊರಗ, ಕೆಲಸ ಮಾಡೂದು ಮೈಟೋಕಾಂಡ್ರಿಯಾದ ಒಳಗ. ಒಳಗ ಹೋಗಾಕ ಬೇಕಾದ ಗುರುತು ಪ್ರೋಟೀನಿನ ಮೊದಲ 40ರ ಆಸುಪಾಸು ಅಮಿನೋ ಆಮ್ಲದಾಗ ಇರ್ತದ. ಅದರ ಮುಂದ ಜಿಎಫ್‌ಪಿ ತಂದಿಟ್ರ ಲಕೋಟಿ ಮ್ಯಾಲಿನ ವಿಳಾಸದ ಮ್ಯಾಲ ಬ್ಯಾರೆ ಕಾಗದ ಅಂಟಿಸಿದಂಗ. ಬ್ಲಾಟ್‌ನಾಗ ಬ್ಯಾಂಡ್ ಬರ್ತದ, ಆದ್ರ ಪ್ರೋಟೀನ್ ಮೈಟೋಕಾಂಡ್ರಿಯಾದ ಹೊರಗಿನ ಸೈಟೋಸಾಲ್‌ನಾಗ ಕುಂತಿರ್ತದ. ನಿಮ್ಮ ಬ್ಯಾಂಡಿನ ತೂಕನ ಅದನ್ನ ಹೇಳ್ಲಿಕ್ಕತ್ತದ: ಒಳಗ ಹೋಗಿದ್ರ ಮುಂದಿನ ತುಂಡು ಕತ್ತರಿಸಿ, ಜಿಎಫ್‌ಪಿ ಬ್ಯಾರೆ ಆಗಿ, ಸಾದಾ ಐಡಿಎಚ್-2 ತೂಕಕ್ಕ ಇಳೀಬೇಕಿತ್ತು.

ಈ ಕಿಣ್ವದ ಉಪಕಾರ ಇರೋದ ಆ ಜಾಗಾದಾಗ. ರಕ್ತ ನಿಂತಾಗ ಮೈಟೋಕಾಂಡ್ರಿಯಾದಾಗ ಸಕ್ಸಿನೇಟ್ ರಾಶಿ ಬೀಳ್ತದ. ರಕ್ತ ವಾಪಸ್ ಬಂದ ಕೂಡ್ಲೆ ಅದು ಒಮ್ಮಿಗೇ ಉರಿದು, ಎಲೆಕ್ಟ್ರಾನ್ ಹಿಂದ ಹರಿದು, ಅಲ್ಲಿನ ಕಾಂಪ್ಲೆಕ್ಸ್-1 ಕಿಣ್ವದ ಹತ್ರ ಆಕ್ಸಿಜನ್ ರ‍್ಯಾಡಿಕಲ್ ಸಿಡೀತಾವ. 2014ರಾಗ ನೇಚರ್ ಪತ್ರಿಕೆಯೊಳಗ ಬಂದ ಕೆಲಸ ಅದು. ಐಡಿಎಚ್-2 ಅಲ್ಲೇ ಎನ್ಎಡಿಪಿಎಚ್ ಅನ್ನೂ ಅಣು ತಯಾರ್ ಮಾಡಿ, ಆ ರ‍್ಯಾಡಿಕಲ್ ತಣಿಸೂ ಗ್ಲುಟಥಯಾನ್‌ನ ರೆಡಿ ಇಡ್ತದ. ಸೈಟೋಸಾಲ್‌ನಾಗ ಎನ್ಎಡಿಪಿಎಚ್ ಮಾಡಿದ್ರ ಅದು ಒಳಗಿನ ಪೊರೆ ದಾಟಂಗಿಲ್ಲ.

ಜಿಎಫ್‌ಪಿ ಕೊನೀ ಕಡೆಯ ಸಿ ತುದಿಗೆ ಹಾಕ್ರಿ. ಇಲ್ಲಾಂದ್ರ ಅದನ್ನ ಕಿತ್ತು ಸಣ್ಣ ಫ್ಲ್ಯಾಗ್ ಟ್ಯಾಗ್ ಸಿ ತುದಿಗೆ. ಆಮ್ಯಾಲ ಮೈಟೋಕಾಂಡ್ರಿಯಾ ಬ್ಯಾರೆ ಮಾಡಿ ಬ್ಲಾಟ್ ಓಡಿಸ್ರಿ. ಇಡೀ ಕಿಡ್ನಿ ಅರೆದದ್ದು ಸಾಕಾಗಂಗಿಲ್ಲ.

ಬಯೋಕೆಮ್_ಬಸು

ಹಾಗಾದರೆ ಒಂದು ಸಲಹೆ: ಸಲೈನ್ ಬದಲು, ಕೆಲಸ ಮಾಡದ ಐಡಿಎಚ್-2 ಹಾಕಿ ಕಂಟ್ರೋಲ್ ಮಾಡಬಹುದಲ್ಲ? ಆರ್172ಕೆ ಮ್ಯುಟೆಂಟ್ ಪ್ಲಾಸ್ಮಿಡ್ ಸುಲಭವಾಗಿ ಸಿಗುತ್ತೆ.

ನೆಫ್ರಾನ್_ಭಟ್ರು

ಅಯ್ಯೋ ಬಸು, ಅದನ್ನು ಮಾತ್ರ ಬೇಡ. ಆರ್172ಕೆ ಸತ್ತ ಕಿಣ್ವ ಅಲ್ಲ, ದಾರಿತಪ್ಪಿದ ಕಿಣ್ವ. ಆಲ್ಫಾ-ಕೀಟೋಗ್ಲುಟರೇಟನ್ನು ಡಿ-2-ಹೈಡ್ರಾಕ್ಸಿಗ್ಲುಟರೇಟ್ ಮಾಡ್ತದೆ, ಅದೂ ಎನ್ಎಡಿಪಿಎಚ್ ಖರ್ಚು ಮಾಡಿ. ಕೆಲವು ರಕ್ತಕ್ಯಾನ್ಸರ್‌ಗಳಲ್ಲಿ ಕಾಣುವ ಬದಲಾವಣೆ ಅದೇ, ಅದಕ್ಕೆಂದೇ ಎನಾಸಿಡೆನಿಬ್ ಎಂಬ ಮಾತ್ರೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಂಟ್ರೋಲ್ ಅಂತ ಅದನ್ನು ಹಾಕಿದರೆ ಆ ಗುಂಪಿನ ಕಿಡ್ನಿ ಹೆಚ್ಚು ಹಾಳಾಗಬಹುದು, ಇವರ ಐಡಿಎಚ್-2 ಸುಳ್ಳೇ ಹೀರೋ ಆಗಬಹುದು. ಮೈಟೋಕಾಂಡ್ರಿಯಾಕ್ಕೆ ಹೋಗುವ ಖಾಲಿ ಜಿಎಫ್‌ಪಿ ಹಾಕಿ, ಸಾಕು.

ಬಯೋಕೆಮ್_ಬಸು

ಸರಿ ಭಟ್ರೇ, ವಾಪಸ್ ತಗೊಂಡೆ. ಇನ್ನೊಂದು ಕೇಳ್ತೀನಿ, ಬೈಬೇಡಿ. ಇಷ್ಟೆಲ್ಲ ಹೊಟ್ಟೆ ಕೊಯ್ಯೋ ಬದಲು ಎಎವಿ-9 (ಜೀನ್ ಹೊತ್ತೊಯ್ಯುವ ವೈರಸ್) ಬಾಲದ ವೇನ್‌ಗೆ ಕೊಟ್ಟರೆ ಪಳಗಿಸುವ ಗೊಡವೆಯೇ ಇರಲ್ಲವಲ್ಲ?

ನೆಫ್ರಾನ್_ಭಟ್ರು

ಒಳ್ಳೇ ಪ್ರಶ್ನೆಯೇ. ತೊಂದರೆ ಗಾತ್ರದ್ದು. ಎಎವಿ ಅಂದರೆ ಸುಮಾರು 25 ನ್ಯಾನೋಮೀಟರ್ ಗುಂಡು. ಗ್ಲೊಮೆರುಲಸ್, ಅಂದರೆ ಕಿಡ್ನಿಯ ಸೋಸುವ ಜರಡಿ, ರಕ್ತದ ಆಲ್ಬುಮಿನ್ ಪ್ರೋಟೀನನ್ನೇ ಬಿಡುವುದಿಲ್ಲ, ಇದನ್ನು ಬಿಡ್ತದಾ? ಟ್ಯೂಬ್ಯೂಲ್‌ನ ಒಳಭಾಗಕ್ಕೆ ಹೋಗುವುದೇ ಇಲ್ಲ ಅನ್ನಬಹುದು, ಹೆಚ್ಚಿನದು ಲಿವರ್ ಪಾಲು. ಅದಕ್ಕೇ ಎಲ್ಲರೂ ಕಿಡ್ನಿಯ ವೇನ್, ಮೂತ್ರನಾಳ ಅಂತ ಹಿಂಬಾಗಿಲು ಹುಡುಕುವುದು. ಮೂತ್ರನಾಳದ ಕಡೆಯಿಂದ ಎಎವಿ ಕೊಟ್ಟರೆ ರಕ್ತ ನಿಲ್ಲಿಸಬೇಕಾಗಿಲ್ಲ. ಐಡಿಎಚ್-2 ಜೀನಿನ ಪ್ರೋಟೀನ್ ಮಾಡುವ ಭಾಗ 1.4 ಕೆಬಿ (ಸಾವಿರ ಡಿಎನ್ಎ ಅಕ್ಷರಕ್ಕೆ ಒಂದು ಕೆಬಿ) ಕೂಡ ಇಲ್ಲ, ಎಎವಿಯ 4.7 ಕೆಬಿ ಜಾಗದಲ್ಲಿ ಆರಾಮ ಕೂರ್ತದೆ. ಮುಂದಿನ ಅಧ್ಯಾಯಕ್ಕೆ ಅದನ್ನು ಇಟ್ಟುಕೊಳ್ಳಿ ತೀರ್ಥಹಳ್ಳಿಯವರೇ. ಈಗಿನ ಗಂಟು ಮೊದಲು ಬಿಡಿಸುವ.

ಮದ್ದೂರು_ಕಿರಣ

ಕ್ಷಮಿಸಿ, ನಾನು ಲ್ಯಾಬಿನವನಲ್ಲ. ನಮ್ಮಪ್ಪಂಗೆ ಡಯಾಲಿಸಿಸ್ ನಡೀತಿದೆ, ಕಿಡ್ನಿ ಕಸಿಗೆ ಅಂತ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದ್ದೀವಿ. ಗೂಗಲ್ ಮಾಡ್ತಾ ಇಲ್ಲಿಗೆ ಬಂದೆ. ಈ ಜೀನ್ ಚಿಕಿತ್ಸೆ ನಮ್ಮಪ್ಪಂಥವರಿಗೆ ಸಿಗುತ್ತಾ?

ನೆಫ್ರಾನ್_ಭಟ್ರು

ಕಿರಣ್, ಇಲ್ಲ. ಯಾರಾದರೂ ದುಡ್ಡು ತೆಗೆದುಕೊಂಡು ಕೊಡ್ತೇವೆ ಅಂದರೆ ನಂಬಬೇಡಿ. ಇನ್ನೊಂದು ವಿಷಯ: ಇದು ಈಗಾಗಲೇ ಸೋತ ಕಿಡ್ನಿಯನ್ನು ಎಬ್ಬಿಸುವುದಲ್ಲ, ಒಳ್ಳೇ ಕಿಡ್ನಿಗೆ ಪೆಟ್ಟು ಬೀಳುವ ಮೊದಲು ಕೊಡಬೇಕಾದದ್ದು.

ಮನುಷ್ಯರ ಹತ್ತಿರಕ್ಕೆ ಬಂದದ್ದು ಇದರ ದಾಯಾದಿ ಒಂದು, ಟೆಪ್ರಾಸಿರಾನ್. ಅದು ಜೀನ್ ಸೇರಿಸುವುದಿಲ್ಲ, ಪಿ-53 ಎಂಬ ಜೀನಿನ ಬಾಯಿ ಸ್ವಲ್ಪ ಹೊತ್ತು ಮುಚ್ಚಿಸುವ ಚಿಕ್ಕ ಆರ್‌ಎನ್‌ಎ. ಚಿಕ್ಕದಾದ್ದರಿಂದ ಗ್ಲೊಮೆರುಲಸ್‌ನಲ್ಲಿ ಸೋಸಿಹೋಗಿ, ಬೇಕಾದ ಟ್ಯೂಬ್ಯೂಲ್‌ಗೇ ಸೇರ್ತದೆ. ಹೃದಯದ ಆಪರೇಶನ್ ಆದವರಲ್ಲಿ ಎರಡನೇ ಹಂತದ ಪರೀಕ್ಷೆಯಲ್ಲಿ ಚೆನ್ನಾಗಿ ಕಂಡಿತು: ಕಿಡ್ನಿಗೆ ಹಾನಿ ಆದದ್ದು ಔಷಧ ಪಡೆದವರಲ್ಲಿ 37 ಶೇಕಡಾ, ಪಡೆಯದವರಲ್ಲಿ 50. ಅದು 2021ರಲ್ಲಿ ಪ್ರಕಟವಾಯಿತು. ಆದರೆ ಚಿಕಿತ್ಸೆಯಾಗಿ ಆಸ್ಪತ್ರೆಗೆ ಬರಲಿಲ್ಲ. ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಈ ಕ್ಷೇತ್ರದಲ್ಲಿ ಬಿದ್ದವರೇ ಹೆಚ್ಚು.

ಆದರೂ ಕಿಡ್ನಿ ಕಸಿಗೆ ಇದು ಹೊಂದುವ ಕೆಲಸ ಅಂತ ನನ್ನ ಅಭಿಪ್ರಾಯ. ಅಪಘಾತ, ಸೆಪ್ಸಿಸ್ ಹೇಳಿ ಬರುವುದಿಲ್ಲ. ಜೀನ್ ಕೆಲಸ ಶುರು ಮಾಡಲು ದಿನಗಳು ಬೇಕು. ಕಸಿಯಲ್ಲಿ ಹಾಗಲ್ಲ, ಕಿಡ್ನಿ ದೇಹದ ಹೊರಗೆ ಐಸಿನಲ್ಲೋ ಮೆಷಿನ್ನಿನಲ್ಲೋ ನಮ್ಮ ಕೈಲೇ ಇರ್ತದೆ, ಬೇರೆ ಅಂಗಕ್ಕೆ ಔಷಧ ಹರಿಯುವ ಭಯವಿಲ್ಲ. ಗಂಟೆಗಳ ಲೆಕ್ಕದಲ್ಲಿ ಪ್ರೋಟೀನ್ ಮಾಡಿಸುವುದು ಹೇಗೆ ಅನ್ನುವುದೇ ಅಲ್ಲಿನ ಕಗ್ಗಂಟು. ಅಪ್ಪನ ಬಗ್ಗೆ ಈಗ ಕೇಳಬೇಕಾದದ್ದು ನಿಮ್ಮ ನೆಫ್ರಾಲಜಿಸ್ಟ್ ಹತ್ತಿರ. ಒಳ್ಳೆಯದಾಗಲಿ.

ಮದ್ದೂರು_ಕಿರಣ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಸರ್. ಥ್ಯಾಂಕ್ಸ್.

ತೀರ್ಥಹಳ್ಳಿ_ಹುಡುಗಿ

ಅಪ್‌ಡೇಟ್. ಪ್ರೋಬ್ ಬಂತು. ಮೊದಲ ಇಲಿಗೇ ಗೊತ್ತಾಯ್ತು, ಪ್ಯಾಡ್ 37 ಅಂದರೂ ಇಲಿ 34ರಲ್ಲಿತ್ತು. ಈಗ ಪ್ಯಾಡ್ ಜೊತೆ ಮೇಲೆ ಲ್ಯಾಂಪ್ ಇಟ್ಟು ಮೈಬಿಸಿ 37ರ ಹತ್ತಿರ ಹಿಡಿದು, ಆಪರೇಶನ್ ಆಗದ ಇಲಿಗಳಿಗೆ ಐಸೋಫ್ಲುರೇನ್‌ನಲ್ಲೇ 45 ನಿಮಿಷ ಹಾಕಿದೆ. ಕ್ರಿಯಾಟಿನಿನ್ ಚೆನ್ನಾಗಿ ಏರಿತು, ಪ್ರಾಕ್ಸಿಮಲ್ ಟ್ಯೂಬ್ಯೂಲಿನ ಕೊನೆಯ ಎಸ್-3 ಭಾಗದಲ್ಲಿ ಟ್ಯೂಬ್ಯೂಲ್ ಸತ್ತಿರೋದು ಕಣ್ಣಿಗೇ ಕಾಣುತ್ತೆ. ಅದೇ ಬಿಸಿಯಲ್ಲಿ ಸಲೈನ್ ತಳ್ಳಿದ ಇಲಿಗಳಲ್ಲಿ ಏರಿಕೆ ಕಡಿಮೆಯೇ. ಕಿಮ್-1 ಕೂಡ ತಳ್ಳಿದ ಮರುದಿನ ತೇಪೆ ತೇಪೆಯಾಗಿ ಇದೆ. ಭಟ್ರು ಹೇಳಿದ್ದೇ.

ಮೈಟೋಕಾಂಡ್ರಿಯಾ ಬೇರೆ ಮಾಡಿ ಬ್ಲಾಟ್ ಓಡಿಸಿದೆ. ಜಿಎಫ್‌ಪಿ-ಐಡಿಎಚ್-2 ಅಷ್ಟೂ ಸೈಟೋಸಾಲ್‌ನಲ್ಲೇ. ಸಿ ತುದಿಯ ಕ್ಲೋನ್ ಸೀಕ್ವೆನ್ಸಿಂಗ್‌ಗೆ ಹೋಗಿದೆ. ಸಾಧನಕೇರಿಯವರಿಗೆ ಒಂದು ಬಾಕ್ಸ್ ಫೇಡಾ ಬಾಕಿ.

ಈಗ ಪ್ರಶ್ನೆ: ಪಳಗಿಸುವ ಪರಿಣಾಮ ಕಡಿಮೆ ಮಾಡೋಕೆ ಕಾಯುವ ದಿನ ಹೆಚ್ಚಿಸಲಾ, ಕ್ಲ್ಯಾಂಪ್ ಹೊತ್ತು ಕಡಿಮೆ ಮಾಡಲಾ?

ನೆಫ್ರಾನ್_ಭಟ್ರು

ಕಾಯುವುದರಿಂದ ಆಗ್ಲಿಕ್ಕಿಲ್ಲ. ಅದೇ ಬಾನ್‌ವೆಂಟ್ರೆ ಗುಂಪು 2003ರಲ್ಲಿ 12 ವಾರದ ತನಕ ಉಳಿದದ್ದನ್ನು ತೋರಿಸಿದೆ, ಅಷ್ಟು ಹೊತ್ತಿಗೆ ನಿಮ್ಮ ಪ್ಲಾಸ್ಮಿಡ್ಡೇ ಇರುವುದಿಲ್ಲ. ತಳ್ಳಿದ ಮೇಲಿನ ಕ್ಲ್ಯಾಂಪ್ ಹೊತ್ತು ಕಡಿಮೆ ಮಾಡಿ, ಒತ್ತಡ ಇಳಿಸಿ, ಜಿಎಫ್‌ಪಿ ಎಷ್ಟು ಇಳಿದರೂ ಸಾಕಾಗ್ತದೆ ಅಂತ ನೋಡಿ. ಜೊತೆಗೆ ಬರೀ ಹೊಟ್ಟೆ ತೆರೆದು ಮುಚ್ಚಿದ ಗುಂಪು, ಕ್ಲ್ಯಾಂಪ್ ಹಾಕಿ ಏನೂ ತಳ್ಳದ ಗುಂಪು ಸೇರಿಸಿ. ಸಲೈನ್‌ನಲ್ಲೇ ಅರ್ಧ ರಕ್ಷಣೆ ಸಿಗ್ತಾ ಇದ್ದರೆ 45 ನಿಮಿಷವನ್ನು ಸ್ವಲ್ಪ ಏರಿಸಬೇಕಾದೀತು, ಇಲ್ಲದಿದ್ದರೆ ಐಡಿಎಚ್-2ಗೆ ತೋರಿಸಲು ಜಾಗವೇ ಉಳಿಯುವುದಿಲ್ಲ.

ಹೊಸ ಗುಂಪು, ಹೊಸ ಹೊತ್ತು ಎರಡಕ್ಕೂ ಪ್ರಾಣಿ ನೈತಿಕ ಸಮಿತಿಗೆ ತಿದ್ದುಪಡಿ ಅರ್ಜಿ ಮೊದಲು ಹೋಗಬೇಕು, ಮರೆಯಬೇಡಿ. ಕ್ಲೋನ್ ಬದಲಾದದ್ದನ್ನು ಜೈವಿಕ ಸುರಕ್ಷತಾ ಸಮಿತಿಗೂ ತಿಳಿಸಿ.

ತೀರ್ಥಹಳ್ಳಿ_ಹುಡುಗಿ

ಎರಡೂ ಫಾರಂ ಇವತ್ತೇ ತುಂಬಿಸ್ತೀನಿ. ಥ್ರೆಡ್ ಮುಚ್ಚಬೇಡಿ, ಸಿ ತುದಿಯ ಬ್ಲಾಟ್ ಇಲ್ಲೇ ಹಾಕ್ತೀನಿ.